ಹುಳಿಯಾರಿನ ಹಾದಿಯಲ್ಲಿ ಬಿಳಿ ರಣಹದ್ದು

ತಮಿಳುನಾಡಿನ ತಿರುಕ್ಕಳುಕುಂದ್ರಂ ಕ್ಷೇತ್ರದಲ್ಲಿ ವೇದಗಿರೀಶ್ವರನ ಬೆಟ್ಟಕ್ಕೆ ಮಧ್ಯಾಹ್ನದ ವೇಳೆಗೆ ಎರಡು ಬಿಳಿಯ ಪಕ್ಷಿಗಳು ಇಳಿದುಬಂದು, ಅರ್ಚಕರು ನೀಡಿದ ಪೊಂಗಲನ್ನು ಸ್ವೀಕರಿಸಿ ಹೋಗುತ್ತಿದ್ದವು. ಯಾತ್ರೆಗೆ ಹೋದ ನಮ್ಮ ಹಿರಿಯರು ಅದನ್ನು ಕಣ್ಣಾರೆ ಕಂಡು ಬಂದು ವರ್ಣಿಸುವುದಿತ್ತು. 1990ರ ದಶಕದ ಕೊನೆಯ ಹೊತ್ತಿಗೆ ಅವು ಬರುವುದು ನಿಂತುಹೋಯಿತು. ಕಲಿಯ ಪ್ರಭಾವವೆಂದು ಕೆಲವರು ನಿಟ್ಟುಸಿರಿಟ್ಟರು. ಆ ಪಕ್ಷಿಗಳೇ ಬಿಳಿ ರಣಹದ್ದುಗಳು.

ಅಂಥದೊಂದು ಹಕ್ಕಿಯು ಕಳೆದ ಮಾಘಮಾಸದಲ್ಲಿ ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ಹಾದಿಯಲ್ಲಿ ನಮಗೆ ಅನಿರೀಕ್ಷಿತವಾಗಿ ಗೋಚರಿಸಿತು. ತೆಂಗಿನ ತೋಟ ಮುಗಿದು ಗೋಮಾಳ ತೊಡಗುವ ಎಡೆಯಲ್ಲಿ, ಸತ್ತ ಕರುವೊಂದರ ಬಳಿ, ನಾಯಿಗಳಿಗೆ ಅಂಜಿ ತುಸು ದೂರದಲ್ಲಿ ನಿಂತಿತ್ತು. ಜೊತೆಗಿದ್ದ ರೈತರು “ಗರುಡ, ಶಾಸ್ತ್ರಿಗಳೇ” ಎಂದು ಕೈಮುಗಿದರು. ಗರುಡನಿಗೆ ತಲೆ ಮತ್ತು ಎದೆ ಮಾತ್ರ ಬಿಳುಪು, ಉಳಿದ ಮೈ ಇಟ್ಟಿಗೆಗೆಂಪು. ಇದಕ್ಕಾದರೋ ಮೈಯೆಲ್ಲ ಮಾಸಿದ ಬಿಳುಪು. ಗರಿಯಿಲ್ಲದ ಹಳದಿ ಮುಖ. ಹಾರಿದಾಗ ರೆಕ್ಕೆಯ ಅಂಚು ಕಪ್ಪು, ಬಾಲ ಬೆಣೆಯಾಕಾರ. ಕೊಕ್ಕು ತುದಿಯವರೆಗೂ ಹಳದಿಯಾಗಿದ್ದುದನ್ನು ನಾವು ವಿಶೇಷವಾಗಿ ಗಮನಿಸಿದೆವು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವವುಗಳ ಕೊಕ್ಕಿನ ತುದಿ ಕಪ್ಪಾಗಿರುತ್ತದೆ. ಆದಕಾರಣ ಇದು ಅತಿಥಿಯಲ್ಲ, ಈ ನಾಡಿನದೇ. ಬಂಡೆಯ ಸಂದುಗಳಲ್ಲಿ ಗೂಡುಕಟ್ಟುವ ಜಾತಿ ಇದು. ನಮ್ಮ ಗುಡ್ಡಸಾಲಿನಲ್ಲಿ ಎಲ್ಲಿಯೋ ಇದರ ಜೊತೆಗಾತಿಯೂ ಇದ್ದೀತೆಂಬ ಆಸೆ ಮೂಡಿತು.

ರಣಹದ್ದುಗಳ ಕುಲಕ್ಕೆ ಒದಗಿದ ವಿಪತ್ತು ಸಾಮಾನ್ಯವಾದುದಲ್ಲ. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಪೈಕಿ ಸಾವಿರಕ್ಕೊಂದರಂತೆ ಉಳಿದವು. ಕಾರಣವು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಬಯಲಾಯಿತು. ಅದು ಕಲಿಯಲ್ಲ, ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ. ಅದನ್ನು ಪಡೆದ ದನವು ಬೇಗನೆ ಸತ್ತರೆ, ಆ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಬಿಳಿ ರಣಹದ್ದಿನ ಕ್ಷಯಕ್ಕೂ ಇದೇ ಮೂಲವೆಂದು ತಜ್ಞರ ಶಂಕೆ. ಹಸುವಿನ ಮೇಲಿನ ಕರುಣೆಯಿಂದ ಕೊಟ್ಟ ಮದ್ದೇ ಹಕ್ಕಿಗೆ ಮೃತ್ಯುವಾದುದು ಎಂಥ ವಿಪರ್ಯಾಸ!

ಸರ್ಕಾರವು 2006ರಲ್ಲಿ ಜಾನುವಾರುಗಳಿಗೆ ಇದನ್ನು ನಿಷೇಧಿಸಿತು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ, 2015ರಲ್ಲಿ ಸೀಸೆಯ ಪ್ರಮಾಣವನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳನ್ನೂ ಜಾನುವಾರುಗಳಿಗೆ ನಿಷೇಧಿಸಲಾಯಿತು. ಇತ್ತ ನಮ್ಮ ನೆರೆಯ ರಾಮನಗರದ ರಾಮದೇವರ ಬೆಟ್ಟವು (‘ಶೋಲೆ’ ಚಿತ್ರದ ಬೆಟ್ಟವೆಂದರೆ ಯುವಕರಿಗೆ ಬೇಗ ತಿಳಿದೀತು) 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ಅದರ ವಿಸ್ತಾರ ಸುಮಾರು 346 ಹೆಕ್ಟೇರ್ ಮಾತ್ರ. ಹಕ್ಕಿಯೋ ಆಹಾರವನ್ನರಸಿ ಬಹುದೂರ ಹಾರುವಂಥದು. ಅದು ಎಲ್ಲಿ ಉಣ್ಣುವುದೋ ಅಲ್ಲಿಯ ಕೊಟ್ಟಿಗೆಯೇ ಅದರ ಆಯುಷ್ಯವನ್ನು ನಿರ್ಣಯಿಸುತ್ತದೆ.

ಕೊಟ್ಟಿಗೆಯುಳ್ಳ ಸದ್ಭಕ್ತ ಕುಟುಂಬಗಳು ಹಸು ಕಾಯಿಲೆ ಬಿದ್ದಾಗ ಮೆಲಾಕ್ಸಿಕ್ಯಾಮ್ ಅಥವಾ ಟಾಲ್ಫೆನಾಮಿಕ್ ಆಮ್ಲವನ್ನು ಕೊಡಬಹುದೇ ಎಂದು ಪಶುವೈದ್ಯರನ್ನು ಹೆಸರು ಹಿಡಿದೇ ಕೇಳಬೇಕು. ಹದ್ದಿಗೆ ಇವೆರಡರಿಂದ ಅಪಾಯವಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಬೇರೆ ನೋವಿನ ಚುಚ್ಚುಮದ್ದು ಪಡೆದ ದನ ತೀರಿಕೊಂಡರೆ ಗೋಮಾಳಕ್ಕೆ ಎಳೆಯದೆ ತೋಟದ ಅಂಚಿನಲ್ಲಿ ಆಳವಾಗಿ ಹೂಳುವುದು ಲೇಸು. ಮಣ್ಣು ಕೊಡುವ ಪದ್ಧತಿ ನಮ್ಮ ಮನೆಗಳಿಗೆ ಹೊಸತೇನೂ ಅಲ್ಲ.