ಅಂಜುಬುರುಕ ಬೆಕ್ಕಿಗೆ ಹನ್ನೆರಡು ಗಂಟೆಗೊಮ್ಮೆ ಔಷಧಿ

ಎಷ್‌ಬಾರ್ನ್‌ನಲ್ಲಿ ಎಸ್-ಬಾನ್ ಹತ್ತಿ ಫ್ರಾಂಕ್‌ಫರ್ಟ್ ಸೇರಿ, ಅಲ್ಲಿಂದ ಫೆಷೆನ್‌ಹೈಮ್ ಕಡೆಗೆ ಹೋದರೆ ಒಂದು ಟಿಯರ್‌ಹೈಮ್ ಸಿಗುತ್ತದೆ. ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕಿ, ಅವಕ್ಕೆ ಮನೆ ಹುಡುಕಿಕೊಡುವ ಜಾಗ. ಅದನ್ನು ನಡೆಸುವ ಸಂಘ 1841ರಷ್ಟು ಹಳೆಯದು. ಇಂಥ ಕಡೆ ಕಾಲಿಗೆ ಮೈ ಉಜ್ಜುವ ಮರಿಗಳು ಬೇಗ ಮನೆ ಸೇರುತ್ತವೆ. ಪೆಟ್ಟಿಗೆಯೊಳಗೆ ಬರೀ ಎರಡು ಕಣ್ಣು ಕಾಣುವ ಬೆಕ್ಕು ಹಿಂದೆ ಉಳಿಯುತ್ತದೆ. ಅದಕ್ಕೆ ಶುಗರ್, ಥೈರಾಯ್ಡ್, ಕಿಡ್ನಿ ತೊಂದರೆ ಏನಾದರೂ ಇದ್ದರೆ ಕೇಳುವವರು ಇನ್ನೂ ಕಡಿಮೆ. ಇವತ್ತಿನ ಮಾತು ಅಂಥ ಬೆಕ್ಕನ್ನೇ ಮನೆಗೆ ತರಬೇಕೆಂದಿರುವ ನಿಮ್ಮೊಡನೆ.

ಕಷ್ಟ ಎಲ್ಲಿದೆ ಅಂದರೆ, ಹೆದರಿದ ಬೆಕ್ಕನ್ನು ಹಿಡಿಯಬಾರದು; ಔಷಧಿ ಕೊಡಬೇಕಾದರೆ ಹಿಡಿಯಲೇಬೇಕು. ಅಜ್ಜಿ ಹೇಳಿದ ತೆನಾಲಿ ರಾಮನ ಬೆಕ್ಕಿನ ಕಥೆ ನೆನಪಿದೆಯೇ? ಕೃಷ್ಣದೇವರಾಯ ಬೆಕ್ಕು ಸಾಕಲೆಂದು ಎಲ್ಲರಿಗೂ ಹಸು ಕೊಟ್ಟ. ರಾಮ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ರಾಮನ ಪಾಲಾಯಿತು. ನಾವು ನಗುತ್ತಾ ಕೇಳಿದ್ದು ಬೆಕ್ಕಿನ ಸ್ವಭಾವದ ಸರಿಯಾದ ಪಾಠ. ಊಟದ ಬಟ್ಟಲಿಗೇ ಕಹಿ ಮಾತ್ರೆ ಬೆರೆಸಿದರೆ ಬೆಕ್ಕು ಬಿಡುವುದು ಮಾತ್ರೆಯನ್ನಲ್ಲ, ಊಟವನ್ನು. ಎರಡು ಮೂರು ದಿನ ತಿನ್ನದೇ ಇದ್ದರೆ ಅದರ ಲಿವರ್ ಕೆಡಬಹುದು, ಹಾಗಾಗಿ ಇದು ಸಣ್ಣ ವಿಷಯವಲ್ಲ.

ಆದ್ದರಿಂದ ಮೊದಲು ಒಂದೇ ಕೋಣೆ ಕೊಡಿ. ಒಳಗೆ ಅಡಗಲು ರಟ್ಟಿನ ಡಬ್ಬಿ, ಒಂದು ಮೂಲೆಯಲ್ಲಿ ಊಟ ನೀರು, ದೂರದ ಮೂಲೆಯಲ್ಲಿ ಮಣ್ಣಿನ ತಟ್ಟೆ. ನೀವು ನೆಲದ ಮೇಲೆ ಕೂತು ಓದಿಕೊಳ್ಳಿ, ಕನ್ನಡದಲ್ಲೇ ಮೆಲ್ಲಗೆ ಮಾತಾಡಿ. ನೆಟ್ಟ ನೋಟ ಬೇಡ. ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ವಾರಗಳಾಗಬಹುದು, ತಿಂಗಳುಗಳೂ ಆಗಬಹುದು. ಒಂದು ನಿಯಮ ಮಾತ್ರ ಮುರಿಯಬೇಡಿ: ಡಬ್ಬಿಯೊಳಗಿಂದ ಎಳೆದು ಔಷಧಿ ಕೊಡಬೇಡಿ. ಅಲ್ಲಿಗೂ ಕೈ ಬಂತೆಂದರೆ ಅದಕ್ಕೆ ಮನೆಯಲ್ಲಿ ಭಯವಿಲ್ಲದ ಜಾಗವೇ ಉಳಿಯುವುದಿಲ್ಲ. ಬದಲಿಗೆ ದಿನಾ ಅದೇ ಹೊತ್ತು, ಅದೇ ಚಾಪೆ, ಮೊದಲು ಇಷ್ಟದ ತಿಂಡಿ, ಆಮೇಲೆ ಔಷಧಿ, ಮತ್ತೆ ತಿಂಡಿ. ಟಿಯರ್‌ಹೈಮ್‌ನಲ್ಲಿ ಔಷಧಿ ಕೊಡುತ್ತಿದ್ದವರನ್ನು ಕೇಳಿ, ಅವರು ಮಾಡುವುದನ್ನು ಕಣ್ಣಾರೆ ನೋಡಿ, ಅಲ್ಲೇ ಒಂದೆರಡು ಸಲ ನೀವೂ ಮಾಡಿ.

ಶುಗರ್ ಇರುವ ಬೆಕ್ಕಿಗೆ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್. ಸೂಜಿ ತೀರ ಸಣ್ಣದು, ಚರ್ಮ ಎತ್ತಿ ಚುಚ್ಚಿದರೆ ಎಷ್ಟೋ ಬೆಕ್ಕುಗಳು ತಿನ್ನುವುದನ್ನೂ ನಿಲ್ಲಿಸುವುದಿಲ್ಲ. ನಮ್ಮ ಮನೆಗಳಲ್ಲಿ ಇನ್ಸುಲಿನ್ ಹೊಸತೇನಲ್ಲ, ಅಪ್ಪನೇ ಒಳ್ಳೆಯ ಗುರುವಾದಾರು! ಆದರೆ ಫ್ರಿಜ್‌ನಲ್ಲಿರುವ ಅಪ್ಪನ ಇನ್ಸುಲಿನ್ ಬೆಕ್ಕಿಗಲ್ಲ. ಬೆಕ್ಕು ತಿನ್ನದೇ ಇದ್ದ ದಿನ ಚುಚ್ಚುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ತೂರಾಡುತ್ತಿದ್ದರೆ ಸಕ್ಕರೆ ಇಳಿದಿರಬಹುದು. ವಸಡಿಗೆ ಸ್ವಲ್ಪ ಜೇನು ಸವರಿ ತಕ್ಷಣ ಆಸ್ಪತ್ರೆಗೆ ಓಡಿ. ಆಹಾರ, ಔಷಧಿ ಸರಿಹೊಂದಿ ಮುಂದೆ ಇನ್ಸುಲಿನ್ನೇ ಬೇಡವಾಗುವ ಬೆಕ್ಕುಗಳೂ ಉಂಟು.

ಅಡುಗೆಮನೆಯ ಬಗ್ಗೆ ಅಮ್ಮನಿಗೆ ಮೊದಲೇ ಹೇಳಿಬಿಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಹಾಗಾಗಿ ಸಾಂಬಾರ್ ಅನ್ನ ಬೇಡ. ಹಾಲು ಬಹಳ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ, ಕಥೆಯಲ್ಲಿ ಏನೇ ಇರಲಿ. ಊರಿಂದ ತಂದ ಡೋಲೋ, ಕ್ರೋಸಿನ್ ಡಬ್ಬಿ ಎತ್ತರದಲ್ಲಿಡಿ: ಅದರ ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಬೆಕ್ಕಿನ ಜೀವ ತೆಗೆಯಬಲ್ಲದು. ಹೂದಾನಿಯಲ್ಲಿ ಲಿಲ್ಲಿ ಇಡಲೇಬೇಡಿ, ಅದರ ಪರಾಗ ಕೂಡ ಕಿಡ್ನಿ ಕೆಡಿಸುತ್ತದೆ.

ಬಾಡಿಗೆ ಮನೆಯಾದರೆ ಮಾಲೀಕರನ್ನು ಬರವಣಿಗೆಯಲ್ಲಿ ಕೇಳಿ. ನಾಯಿ ಬೆಕ್ಕು ಸಾರಾಸಗಟಾಗಿ ಬೇಡ ಎಂಬ ಸಿದ್ಧ ಷರತ್ತು ಒಪ್ಪಂದದಲ್ಲಿದ್ದರೆ ಅದು ಊರ್ಜಿತವಲ್ಲ ಎಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲಿ ಹೇಳಿದೆ. ಹಾಗೆಂದು ಮನಬಂದಂತೆ ಸಾಕಬಹುದೆಂದಲ್ಲ, ಎರಡೂ ಕಡೆಯ ಅನುಕೂಲ ತೂಗಿ ನೋಡಬೇಕು. ಇನ್ನು ಖರ್ಚು. ಪಶುವೈದ್ಯರ ಶುಲ್ಕಕ್ಕೆ ಇಲ್ಲಿ ಸರಕಾರದ ಪಟ್ಟಿಯಿದೆ. 2022ರ ನವೆಂಬರ್‌ನಲ್ಲಿ ಬಂದ ಪಟ್ಟಿಯಂತೆ ಬೆಕ್ಕಿನ ಸಾಮಾನ್ಯ ತಪಾಸಣೆಗೆ ಮೂಲ ದರ 23.62 ಯೂರೋ. ಅದರ ಮೇಲೆ ತೆರಿಗೆ, ಮೂರು ಪಟ್ಟಿನವರೆಗೆ ಏರಿಸಲು ಅವಕಾಶ. ರಾತ್ರಿಯ ತುರ್ತಿಗೆ ನಾಲ್ಕು ಪಟ್ಟಿನವರೆಗೆ, ಜೊತೆಗೆ 50 ಯೂರೋ. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಾಮಾನ್ಯವಾಗಿ ಸಿಗದು. ತಿಂಗಳ ಔಷಧಿ ಖರ್ಚು ಎಷ್ಟು, ಸಂಘ ಅದರಲ್ಲಿ ಪಾಲು ಹಾಕುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ. ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಆರು ತಿಂಗಳಾದ ಮೇಲೆ ಬೆಕ್ಕನ್ನು ವಾಪಸು ತಂದರೆ ಪಡುತ್ತಾರೆ.

ಉಳಿದದ್ದು ಬೇಸಿಗೆ ರಜೆಯ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಮನೆಮಂದಿಯೆಲ್ಲ ಐದು ವಾರ ಊರಿಗೆ ಹೋದಾಗ ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಔಷಧಿ ಕೊಡುವವರು ಯಾರು? ಅಂಜುವ ಬೆಕ್ಕು ಅಪರಿಚಿತರ ಮುಂದೆ ಹೊರಗೇ ಬಾರದು. ಬೆಕ್ಕು ತರುವ ಮೊದಲೇ ಆ ಒಬ್ಬರನ್ನು ಹುಡುಕಿಕೊಳ್ಳಿ: ಪಕ್ಕದ ಮನೆಯವರೋ ಸಂಘದ ಗೆಳತಿಯೋ. ವಿಮಾನ ಹತ್ತುವ ಎರಡು ವಾರ ಮೊದಲಿನಿಂದ ಅವರು ದಿನಾ ಸಂಜೆ ಬಂದು ಅದೇ ಚಾಪೆಯ ಮೇಲೆ ಕೂರಲಿ. ತಿಂಡಿ ಅವರ ಕೈಯಿಂದಲೇ ಹೋಗಲಿ, ನೀವು ಕೋಣೆಯ ಹೊರಗಿರಿ.