ಬ್ರಿಡ್ಜ್‌: ಮೊದಲ ಎಲೆಯ ಲೆಕ್ಕ

ಬ್ರಿಡ್ಜ್‌ನಲ್ಲಿ ಹರಾಜು ಮುಗಿದು ಕಾಂಟ್ರ್ಯಾಕ್ಟ್ ನಿಂತ ಮೇಲೆ, ಅದನ್ನು ಆಡಿ ಗೆಲ್ಲಬೇಕಾದ ಡಿಕ್ಲೇರರ್‌ನ ಎಡಕ್ಕೆ ಕುಳಿತವರು ಮೊದಲ ಎಲೆ ಇಳಿಸಬೇಕು. ಇದೇ ಓಪನಿಂಗ್ ಲೀಡ್. ಡಿಕ್ಲೇರರ್‌ನ ಜೊತೆಗಾರನಾದ ಡಮ್ಮಿಯ ಕೈ ಮೇಜಿನ ಮೇಲೆ ಬಿಚ್ಚಿಕೊಳ್ಳುವುದು ಆಮೇಲೆ. ಮುಂದಿನ ಎಲೆಗಳನ್ನೆಲ್ಲ ಡಮ್ಮಿಯನ್ನು ನೋಡಿಕೊಂಡು ಆಡಬಹುದು. ಮೊದಲ ಎಲೆ ಆರಿಸುವಾಗ ಮಾತ್ರ 13 ಎಲೆ ಕೈಯಲ್ಲಿ, ಉಳಿದ 39 ಮರೆಯಲ್ಲಿ. ಅಂತರರಾಷ್ಟ್ರೀಯ ನಿಯಮಾವಳಿಯ 41ನೇ ನಿಯಮದಂತೆ ಆ ಎಲೆಯನ್ನು ಮೊದಲು ಬೋರಲಾಗಿ ಇಡುತ್ತಾರೆ. ತಪ್ಪು ಕೈಯಿಂದ ಲೀಡ್ ಬಂದಿದ್ದರೆ ಆಗಲೇ ಸರಿಪಡಿಸಬಹುದು. ಲೀಡ್ ಮಾಡಿದವರ ಜೊತೆಗಾರನಿಗೆ ಬಿಡ್‌ಗಳ ಬಗ್ಗೆ ಪ್ರಶ್ನೆಯಿದ್ದರೆ ಕೇಳಲೂ ಬಹುದು.

ಕಾಣದ ಎಲೆಗಳ ಸುಳಿವು ಇರುವುದು ಹರಾಜಿನಲ್ಲಿ. ಇಪ್ಪತ್ತೆಂಟು ಆಡಿ ಬಲ್ಲವರಿಗೆ ಬಿಡ್ ಕೂಗುವುದು ಹೊಸದಲ್ಲ. ಆದರೆ ಅಲ್ಲಿ ತುರುಪು ಗುಟ್ಟಾಗಿರುತ್ತದೆ, ಬ್ರಿಡ್ಜ್‌ನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿದರೆ ಒಟ್ಟು 40 ಅಂಕ. ಎದುರಾಳಿ ಜೋಡಿ 26ರಷ್ಟು ಅಂಕ ತೋರಿಸಿ ಗೇಮ್‌ಗೆ ಹೋಗಿದೆ, ಲೀಡ್ ಮಾಡುವವರ ಕೈಯಲ್ಲಿ 12 ಇದೆ ಎನ್ನೋಣ. ಜೊತೆಗಾರನ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಒಬ್ಬ ರಾಣಿ ಅಥವಾ ಒಂದೆರಡು ಗುಲಾಮ. ಅವನ ಕೈಗೆ ಆಟ ಹೋಗಲೇಬೇಕು ಎಂಬಂಥ ಲೀಡ್ ಆಗ ದಂಡ. ಈ ಕೂಡುವ-ಕಳೆಯುವ ಲೆಕ್ಕ ಮಾಡದೆ ಎಲೆ ಎಳೆಯುವುದೇ ಹೊಸಬರು ಮಾಡುವ ದೊಡ್ಡ ತಪ್ಪು.

ತುರುಪಿಲ್ಲದ ನೋಟ್ರಂಪ್ ಕಾಂಟ್ರ್ಯಾಕ್ಟ್‌ಗೆ ಹಳೆಯ ಪಾಠ ಒಂದಿದೆ: ಉದ್ದನೆಯ ಸೂಟ್‌ನಲ್ಲಿ ಮೇಲಿನಿಂದ ನಾಲ್ಕನೆಯ ಎಲೆ ಇಳಿಸು. ಇದರ ಬೆನ್ನಿಗೇ ಬರುವುದು ವಿಸ್ಟ್ ಆಟದ ಕಾಲದಲ್ಲಿ ಆರ್. ಎಫ್. ಫಾಸ್ಟರ್ ಪ್ರಚಾರಕ್ಕೆ ತಂದ ಹನ್ನೊಂದರ ನಿಯಮ. ಒಂದು ಕೈ ಬಿಡಿಸಿ ನೋಡಬಹುದು. 3 ನೋಟ್ರಂಪ್‌ ಎದುರು ಪಶ್ಚಿಮದವರಲ್ಲಿ ಇಸ್ಪೀಟಿನ ರಾಜ, ಗುಲಾಮ, 9, 7, 2 ಇವೆ. ಅವರು 7 ಇಳಿಸುತ್ತಾರೆ. ಡಮ್ಮಿಯಲ್ಲಿ ರಾಣಿ, 8, 4 ಕಾಣುತ್ತವೆ. ಪೂರ್ವದವರ ಕೈಯಲ್ಲಿ ಎಕ್ಕ, 10, 3. ಹನ್ನೊಂದರಲ್ಲಿ ಏಳು ಕಳೆದರೆ ನಾಲ್ಕು. ಅಂದರೆ ಪಶ್ಚಿಮ ಬಿಟ್ಟು ಉಳಿದ ಮೂರು ಕೈಗಳಲ್ಲಿ 7ಕ್ಕಿಂತ ದೊಡ್ಡ ಎಲೆ ನಾಲ್ಕೇ. ಎರಡು ಡಮ್ಮಿಯಲ್ಲಿ, ಎರಡು ಪೂರ್ವದವರ ಹತ್ತಿರವೇ ಇವೆ. ಡಿಕ್ಲೇರರ್ ಬಳಿ ಒಂದೂ ಇಲ್ಲ! ಡಮ್ಮಿಯಿಂದ 4 ಬಿದ್ದರೆ ಪೂರ್ವದವರಿಗೆ 10 ಸಾಕು, ಎಕ್ಕ ಖರ್ಚು ಮಾಡಬೇಕಾಗಿಲ್ಲ. ಆಮೇಲೆ ಎಕ್ಕ, ಅದರ ಹಿಂದೆ 3. ಪಶ್ಚಿಮದ ರಾಜನ ಕೆಳಗೆ ಡಮ್ಮಿಯ ರಾಣಿ ಬೀಳುತ್ತಾಳೆ, ಗುಲಾಮ ಮತ್ತು 9 ನಿರಾತಂಕವಾಗಿ ಓಡುತ್ತವೆ. ಐದು ಟ್ರಿಕ್ ಸಾಲಾಗಿ ಹೋದವು, ಕಾಂಟ್ರ್ಯಾಕ್ಟ್ ಮುರಿಯಿತು. ಇಳಿದದ್ದು ಒಂದು ಏಳು, ಆದರೂ ಆ ಸೂಟ್ ಹೇಗೆ ಹಂಚಿದೆ ಎಂಬುದನ್ನೆಲ್ಲ ಜೊತೆಗಾರನಿಗೆ ತಿಳಿಸಿತು.

ಸೂಟ್‌ನ ತಲೆಯಲ್ಲಿ ರಾಜ, ರಾಣಿ, ಗುಲಾಮ ಸಾಲಾಗಿ ಇದ್ದರೆ ನಾಲ್ಕನೆಯದನ್ನು ಹುಡುಕಬಾರದು, ರಾಜನನ್ನೇ ಇಳಿಸಬೇಕು. ಎದುರಾಳಿಗಳು ಕೂಗಿದ ಸೂಟ್ ಸಾಮಾನ್ಯವಾಗಿ ಬೇಡ. ಒಂದು ನೋಟ್ರಂಪ್, ಮೂರು ನೋಟ್ರಂಪ್ ಎಂದು ನೇರವಾಗಿ ನಡೆದ ಹರಾಜನ್ನು ಮಾತ್ರ ವಿಶೇಷವಾಗಿ ಗಮನಿಸಬೇಕು. ಇಸ್ಪೀಟು, ಆಟೀನುಗಳ ಬಗ್ಗೆ ಡಮ್ಮಿ ಕೇಳಲೇ ಇಲ್ಲವೆಂದರೆ ಅವನಲ್ಲಿ ಅವು ಉದ್ದವಾಗಿಲ್ಲ. ಜೊತೆಗಾರನಲ್ಲಿ ಇರುವ ಸಂಭವ ಹೆಚ್ಚು. ಡೇವಿಡ್ ಬರ್ಡ್ ಮತ್ತು ಟಾಫ್ ಆಂಥಿಯಸ್ 2011ರಲ್ಲಿ ಪ್ರಕಟಿಸಿದ ನೋಟ್ರಂಪ್ ಲೀಡ್‌ಗಳ ಪುಸ್ತಕಕ್ಕಾಗಿ ಕಂಪ್ಯೂಟರ್‌ನಿಂದ ಸಾವಿರಾರು ಹಂಚಿಕೆಗಳನ್ನು ಆಡಿಸಿ ನೋಡಿದರು. ಇಂಥ ಹರಾಜಿನ ನಂತರ ಬಲವಿಲ್ಲದ ಉದ್ದ ಸೂಟ್‌ಗಿಂತ ಇಸ್ಪೀಟು ಅಥವಾ ಆಟೀನಿನ ಎರಡೇ ಎಲೆಯ ಸೂಟ್‌ನಿಂದ ಇಳಿಸುವುದು ಎಷ್ಟೋ ಸಲ ಲಾಭ ತಂದಿತು. ಆದರೆ ಕಂಪ್ಯೂಟರ್ ನಾಲ್ಕೂ ಕೈಗಳನ್ನು ನೋಡಿಕೊಂಡು ಆಡುತ್ತದೆ. ಮನುಷ್ಯನಿಗೆ ಆ ಸೌಲಭ್ಯವಿಲ್ಲ. ಅದರ ತೀರ್ಪನ್ನು ಅಷ್ಟು ಎಚ್ಚರದಿಂದಲೇ ಒಪ್ಪಬೇಕು.

ತುರುಪಿನ ಕಾಂಟ್ರ್ಯಾಕ್ಟ್‌ನಲ್ಲಿ ಲೆಕ್ಕ ಬೇರೆ. ಎಕ್ಕ-ರಾಜ ಜೋಡಿ ಇದ್ದರೆ ಅದಕ್ಕಿಂತ ಒಳ್ಳೆಯ ಲೀಡ್ ಅಪರೂಪ. ಎಕ್ಕವನ್ನು ಇಟ್ಟುಕೊಂಡು ಅದೇ ಸೂಟ್‌ನ ಸಣ್ಣ ಎಲೆ ಇಳಿಸುವುದು ಅಪಾಯ: ಡಿಕ್ಲೇರರ್ ಒಂಟಿ ರಾಜನಿಂದ ಟ್ರಿಕ್ ಹೊಡೆದುಕೊಂಡು ಹೋಗಬಹುದು, ಎಕ್ಕಕ್ಕೆ ಮತ್ತೆ ಅವಕಾಶವೇ ಬಾರದಿರಬಹುದು. ಒಂಟಿ ಎಲೆ ಇಳಿಸಿ ಮುಂದೆ ತುರುಪು ಹೊಡೆಯುವ ಆಸೆ ಎಲ್ಲರಿಗೂ ಇರುತ್ತದೆ. ಅದು ಫಲಿಸುವುದು ಕೈಯಲ್ಲಿ ತುರುಪಿನ ಎಕ್ಕ ಮತ್ತು ಎರಡು ಚಿಲ್ಲರೆ ಎಲೆ ಇದ್ದಾಗ, ಜೊತೆಗಾರನಿಗೂ ಒಂದಿಷ್ಟು ಬಲವಿದ್ದಾಗ. ತುರುಪಿನ ರಾಣಿ, ಗುಲಾಮ, ಹತ್ತು ಒಟ್ಟಿಗಿದ್ದರೆ ಒಂದು ಟ್ರಿಕ್ ಹೇಗೂ ಬರುತ್ತದೆ. ಅವುಗಳಿಂದ ಹೊಡೆದು ಗಳಿಸುವುದೇನೂ ಇಲ್ಲ. ನಾಲ್ಕು ತುರುಪು ಇರುವವರು ಒಂಟಿ ಎಲೆಯನ್ನು ಮರೆತು ತಮ್ಮ ಉದ್ದ ಸೂಟ್ ಆಡಿ, ಡಿಕ್ಲೇರರ್‌ನ ತುರುಪು ಕರಗಿಸುವುದು ಲೇಸು. ಇನ್ನು, ದಕ್ಷಿಣದವರು ಇಸ್ಪೀಟು, ಆಟೀನು ಎರಡನ್ನೂ ಕೂಗಿ, ಡಮ್ಮಿ ಒಲ್ಲದ ಮನಸ್ಸಿನಿಂದ ಇಸ್ಪೀಟು ಒಪ್ಪಿ, ಲೀಡ್ ಮಾಡುವವರಲ್ಲಿ ಆಟೀನು ಗಟ್ಟಿಯಾಗಿದ್ದರೆ ತುರುಪನ್ನೇ ಇಳಿಸಬೇಕು. ಡಮ್ಮಿಯಲ್ಲಿ ಆಟೀನು ಹೊಡೆಯುವ ದಾರಿ ಮುಚ್ಚುತ್ತದೆ.

ಜೊತೆಗಾರ ಬಿಡ್ ಕೂಗಿದ್ದರೆ ಅವನ ಸೂಟ್‌ಗೇ ಮೊದಲ ಹಕ್ಕು. ಎದುರಾಳಿಗಳು ತಾವಾಗಿ ಏರಿದ ಸ್ಲಾಮ್‌ಗೆ ಅವನು ಡಬಲ್ ಹೇಳಿದರೆ ಅದು ಥಿಯೋಡರ್ ಲೈಟ್ನರ್ ಹೆಸರಿನ ಡಬಲ್. ವಾಡಿಕೆಯ ಲೀಡ್ ಬಿಡು, ಅನಿರೀಕ್ಷಿತವಾದದ್ದು ಇಳಿಸು ಎಂಬ ಸೂಚನೆ. ಹೆಚ್ಚಾಗಿ ಅವನಲ್ಲಿ ಯಾವುದೋ ಒಂದು ಸೂಟ್ ಪೂರ್ತಿ ಖಾಲಿ ಇರುತ್ತದೆ. ಲೀಡ್ ಮಾಡುವವರು ತಮ್ಮ ಕೈಯ ಉದ್ದ ಸೂಟ್ ನೋಡಿದರೆ ಅದು ಯಾವುದೆಂದು ಊಹಿಸಬಹುದು.

1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದ ಸುಪ್ರೀಂ ಕೋರ್ಟ್, ಅದರಲ್ಲಿರುವ ಅದೃಷ್ಟ ಬ್ರಿಡ್ಜ್‌ನ ಹಂಚಿಕೆಯಲ್ಲಿರುವಂಥದ್ದೇ ಎಂದಿತ್ತು. ಹಂಚಿದ ಮೇಲೆ ಉಳಿಯುವುದು ಅಭ್ಯಾಸ. ಅದಕ್ಕೆ ದೊಡ್ಡ ಊರಿನ ಕ್ಲಬ್ಬೇ ಬೇಕೆಂದಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವಿನ ರಾಯಾಪುರದಲ್ಲಿ ಮೇಜಿಗೆ ನಾಲ್ವರು ಕೂಡದಿದ್ದರೂ ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಮೊಬೈಲಿನಿಂದಲೇ ಆಡಬಹುದು. ಆಟ ಮುಗಿದ ಮೇಲೆ ಅಲ್ಲಿ ನಾಲ್ಕೂ ಕೈ ತೆರೆದುಕೊಳ್ಳುತ್ತವೆ. ಅದೇ ಹಂಚಿಕೆಗೆ ಬೇರೆ ಮೇಜುಗಳಲ್ಲಿ ಯಾವ ಎಲೆ ಮೊದಲು ಇಳಿಯಿತು, ಎಷ್ಟು ಟ್ರಿಕ್ ಬಂತು ಎಂಬುದನ್ನೂ ಹೋಲಿಸಿ ನೋಡಬಹುದು.