ತುಟಿಯ ಗುಳ್ಳೆಗೆ ಹಲ್ಲಿ ಕಾರಣವಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ವೈರಸ್ ಎಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡನ್ನು ನಡುಗಿಸಿತು. ಅದು ಬರುವುದು ಉಣುಗು ಕಚ್ಚಿ. ರೋಗಿಯ ಪಕ್ಕ ಕೂತರೆ ಅಂಟುವುದಿಲ್ಲ. ಮುಟ್ಟಿದರೆ ಅಂಟುವ ಇನ್ನೊಂದು ವೈರಸ್ಸು ಇದೇ ಊರುಗಳ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಅದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಜ್ವರ ಬಿಟ್ಟ ಮೇಲೋ, ಬಿಸಿಲಲ್ಲಿ ದುಡಿದು ಬಂದ ಮೇಲೋ ತುಟಿಯಂಚಿನಲ್ಲಿ ಚುರುಚುರು ಎಂದು ನೀರುಗುಳ್ಳೆಗಳ ಗೊಂಚಲು ಏಳುತ್ತದಲ್ಲ, ಅದೇ. ಹಲ್ಲಿ ಉಚ್ಚೆ ಹೊಯ್ದಿದೆ, ಜೇಡ ಹರಿದಿದೆ, ಉಷ್ಣ ಆಗಿದೆ ಎನ್ನುವವರಿದ್ದಾರೆ. ಹಲ್ಲಿ ಪಾಪದ್ದು. ಇದು ಹರ್ಪಿಸ್ ಸಿಂಪ್ಲೆಕ್ಸ್ ಒಂದನೆಯ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ 50 ವರ್ಷದೊಳಗಿನವರಲ್ಲಿ ಮೂರರಲ್ಲಿ ಇಬ್ಬರ ಮೈಯಲ್ಲಿ ಇದು ಇದೆ. ಹೆಚ್ಚಿನವರಿಗೆ ಬಾಲ್ಯದಲ್ಲೇ, ಮನೆಯವರ ಮುತ್ತಿನಿಂದ ಬಂದದ್ದು. ಒಮ್ಮೆ ಹೊಕ್ಕರೆ ನರದ ಗಂಟಿನಲ್ಲಿ ಅಡಗಿ ಕೂರುತ್ತದೆ. ಮೈ ಸೋತಾಗ ಅದೇ ನರದ ದಾರಿಯಲ್ಲಿ ಮತ್ತೆ ತುಟಿಗೆ ಬರುತ್ತದೆ.

ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಸೀಮೆ ನಮ್ಮದು. ಎಂಜಲಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಇರುವವರು ಹಸುಗೂಸಿನ ತುಟಿಗೆ ಮುತ್ತಿಡುವಾಗ ಎಲ್ಲ ಮರೆಯುತ್ತೇವೆ! ಒಣಗಿದ ಲೋಟ, ಟವೆಲ್‌ಗಿಂತ ಚರ್ಮಕ್ಕೆ ಚರ್ಮ, ಎಂಜಲಿಗೆ ಎಂಜಲು ತಾಗುವುದೇ ಇದರ ಮುಖ್ಯ ದಾರಿ. ಗುಳ್ಳೆಯಲ್ಲಿ ನೀರಿರುವಾಗ ಅಪಾಯ ಹೆಚ್ಚು. ಗುಳ್ಳೆ ಕಾಣದ ದಿನಗಳಲ್ಲೂ ವೈರಸ್ ಸ್ವಲ್ಪ ಸ್ವಲ್ಪ ಹೊರಬೀಳಬಹುದು. ಗುಳ್ಳೆ ಮುಟ್ಟಿದ ಕೈಯಲ್ಲೇ ಕಣ್ಣುಜ್ಜಿದರೆ ಕಣ್ಣಿಗೂ ಅಂಟೀತು.

ಸರ್ಪಸುತ್ತು ಇದೇ ಕುಟುಂಬದ ಇನ್ನೊಂದು ವೈರಸ್ಸಿನ ಕೆಲಸ. ಕೆಮ್ಮಣ್ಣು ಹಚ್ಚುವುದು, ನಾಗನಿಗೆ ಹಾಲೆರೆಯುವುದು, ಹೆಡೆಗೆ ಬಾಲ ಕೂಡಿದರೆ ಜೀವ ಹೋಗುತ್ತದೆಂಬ ಹೆದರಿಕೆ ಎಲ್ಲ ಅದಕ್ಕೆ ಸುತ್ತಿಕೊಂಡಿವೆ. ಅದು ಒಂದು ನರದ ಜಾಡು ಹಿಡಿದು ಮೈಯ ಒಂದೇ ಪಕ್ಕದಲ್ಲಿ ಏಳುವುದರಿಂದ ಸುತ್ತು ಕೂಡುವುದೇ ಅಪರೂಪ. ಎಂದೋ ಬಂದ ಸೀತಾಳೆಯ ವೈರಸ್ಸೇ ಎಚ್ಚೆತ್ತದ್ದು. ಪೂಜೆ ಮಾಡಿಸುವವರು ಮಾಡಿಸಲಿ. ಮಾತ್ರೆ ಮಾತ್ರ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು.

ಗುಪ್ತಾಂಗದ ಹರ್ಪಿಸ್ ವಿಷಯಕ್ಕೆ ಬಂದರೆ ವೈರಸ್ಸಿಗಿಂತ ಹೆಚ್ಚು ಸುಡುವುದು ಅನುಮಾನ. ಎರಡನೆಯ ಬಗೆ ಸಾಮಾನ್ಯವಾಗಿ ಲೈಂಗಿಕ ಸಂಪರ್ಕದಿಂದ ಬರುತ್ತದೆ. ಬಾಯಿಯ ಸಂಪರ್ಕದಿಂದ ಒಂದನೆಯದೂ ಅಲ್ಲಿಗೆ ತಲುಪುತ್ತದೆ. ಸೋಂಕು ತಗುಲಿ ವರ್ಷಗಳಾದ ಮೇಲೆ ಮೊದಲ ಗುಳ್ಳೆ ಕಾಣಬಹುದು. ಆದ್ದರಿಂದ ಇವತ್ತು ಎದ್ದ ಗುಳ್ಳೆ ನಿನ್ನೆಯ ದ್ರೋಹಕ್ಕೆ ಸಾಕ್ಷಿಯಲ್ಲ. ಗಂಡಹೆಂಡಿರು ಜಗಳಕ್ಕೆ ಮೊದಲು ಇದನ್ನು ತಿಳಿಯಬೇಕು. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ಲೈಂಗಿಕ ಸೋಂಕುಗಳನ್ನು ನೋಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೆಂದೇ ಕೆಂಪು ಕಿಟ್ ಇದೆ, ಒಳಗಿರುವುದು ಅಸೈಕ್ಲೋವಿರ್. ಈ ಔಷಧ ವೈರಸ್ಸನ್ನು ನರದಿಂದ ಓಡಿಸದು. ಗುಳ್ಳೆಯ ದಿನಗಳನ್ನು ಕಡಿಮೆ ಮಾಡುತ್ತದೆ.

ತುಟಿಯ ಗುಳ್ಳೆ ದೊಡ್ಡವರಿಗೆ ವಾರ, ಹತ್ತು ದಿನದ ಕಿರಿಕಿರಿ. ಹುಟ್ಟಿ ಕೆಲವೇ ವಾರವಾದ ಕೂಸಿಗೆ ಇದು ಮಿದುಳಿಗೇರಿ ಪ್ರಾಣಕ್ಕೆ ಕುತ್ತಾಗಬಹುದು. ತುಟಿಯಲ್ಲಿ ಗುಳ್ಳೆ ಇರುವಾಗ ಬಾಣಂತಿ ಮನೆಗೆ ಹೋಗಬೇಡಿ. ಹೋಗಲೇಬೇಕಾದರೆ ಕೈ ತೊಳೆದು, ಮಾಸ್ಕ್ ಹಾಕಿ, ದೂರದಿಂದ ನೋಡಿ ಬನ್ನಿ. ಮುತ್ತು ಗುಳ್ಳೆ ಪೂರ್ತಿ ಒಣಗಿದ ಮೇಲಿರಲಿ.